ಅಗ್ಗಿಷ್ಟಿಕೆಯ ಮುಂದೆ ಉಸಿರಾಡಿದ ಕೂಸು

ಬೆಳಗಿನ ಜಾವ ಬಿದ್ದ ಕನಸು ನಿಜವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಕನಸೆಂದರೆ ಮುಂದಾಗುವುದರ ಸೂಚನೆ ಎಂದು ಬೇರೆ ಎಷ್ಟೋ ಸಮಾಜಗಳೂ ತಿಳಿದುಕೊಂಡು ಬಂದಿವೆ. ಆದರೆ ಮುಂದಿನದನ್ನು ಹೇಳುವ ಬದಲು, ಆಗಿಹೋದದ್ದನ್ನೇ ಮತ್ತೆ ಮತ್ತೆ ತಿರುಗಿ ನೋಡುವ ಕನಸುಗಳೂ ಇವೆ. ಹುಟ್ಟುವ ಮೊದಲೇ ಅಥವಾ ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವನ್ನು ಕಳೆದುಕೊಂಡ ತಾಯಂದಿರ ಕನಸುಗಳು ಈ ಬಗೆಯವು. ಇತಿಹಾಸದಲ್ಲಿ ಇಂಥ ಕನಸುಗಳಿಗೆ ದಾಖಲೆ ಸಿಗುವುದು ಅಪರೂಪ. ಸಿಗುವ ಕೆಲವೇ ದಾಖಲೆಗಳಲ್ಲಿ ಒಂದು, 1815ರ ಮಾರ್ಚ್ ತಿಂಗಳಿನಲ್ಲಿ ಲಂಡನ್ನಿನ ಬಾಡಿಗೆ ಮನೆಯೊಂದರಲ್ಲಿ 17 ವರ್ಷದ ಹುಡುಗಿಯೊಬ್ಬಳು ಬರೆದಿಟ್ಟ ದಿನಚರಿ. ಅದಾಗಿ ಮೂರು ವರ್ಷ ತುಂಬುವ ಮೊದಲೇ ಅದೇ ಹುಡುಗಿ ಬರೆದ ಕಾದಂಬರಿ ಅಚ್ಚಾಯಿತು. ಅದರ ಹೆಸರು ‘ಫ್ರಾಂಕೆನ್‌ಸ್ಟೈನ್’.

ಈ ಕಾದಂಬರಿಯನ್ನು ಓದದವರೂ ಚಪ್ಪಟೆ ತಲೆಯ, ಹೊಲಿಗೆ ಹಾಕಿದ ಮುಖದ ಸಿನಿಮಾ ರಾಕ್ಷಸನನ್ನು ಬಲ್ಲರು. 1931ರಲ್ಲಿ ಹಾಲಿವುಡ್ ನಟ ಬೋರಿಸ್ ಕಾರ್ಲಾಫ್ ತೊಟ್ಟ ಆ ವೇಷದ ಮರೆಯಲ್ಲಿ ಮೂಲ ಕೃತಿಯೇ ಮಸುಕಾಗಿದೆ. ಆ ಕೃತಿಯ ಹಿಂದೆ ನಿಂತ ತಾಯಿಯಂತೂ ಇನ್ನೂ ದೂರವೇ ಉಳಿದಿದ್ದಾಳೆ.

ಹೆರಿಗೆಯ ನೆರಳಿನಲ್ಲಿ

ಮೇರಿ ಹುಟ್ಟಿದ್ದು 1797ರ ಆಗಸ್ಟ್ 30ರಂದು, ಲಂಡನ್ನಿನಲ್ಲಿ. ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್, ಮಹಿಳೆಯರ ಹಕ್ಕುಗಳನ್ನು ಸಮರ್ಥಿಸಿ 1792ರಲ್ಲೇ ಗ್ರಂಥ ಬರೆದ ದಿಟ್ಟ ಲೇಖಕಿ. ತಂದೆ ವಿಲಿಯಂ ಗಾಡ್ವಿನ್ ಹೆಸರಾಂತ ರಾಜಕೀಯ ಚಿಂತಕ. ಹೆರಿಗೆಯಾದ ಮೇಲೆ ಮಾಸು ಬೀಳಲಿಲ್ಲ. ವೈದ್ಯ ಕೈಹಾಕಿ ಅದನ್ನು ಚೂರುಚೂರಾಗಿ ತೆಗೆದ. ನಂಜೇರಿ ಜ್ವರ ಬಂತು. ಸೆಪ್ಟೆಂಬರ್ 10ರಂದು ತಾಯಿ ತೀರಿಕೊಂಡಾಗ ಮಗಳಿಗೆ ಇನ್ನೂ 11 ದಿನ. ವೈದ್ಯರು ಕೈ ತೊಳೆದುಕೊಂಡರೆ ಬಾಣಂತಿ ಜ್ವರವನ್ನು ತಡೆಯಬಹುದೆಂದು ವಿಯೆನ್ನಾದಲ್ಲಿ ಸೆಮೆಲ್‌ವೈಸ್ ತೋರಿಸಿಕೊಟ್ಟದ್ದು ಇದಾದ 50 ವರ್ಷಗಳ ನಂತರ, 1847ರಲ್ಲಿ.

ಸೇಂಟ್ ಪ್ಯಾಂಕ್ರಾಸ್ ಚರ್ಚಿನ ಅಂಗಳದಲ್ಲಿದ್ದ ತಾಯಿಯ ಗೋರಿಯೇ ಬೆಳೆಯುವ ಮೇರಿಗೆ ಪುಸ್ತಕ ಹಿಡಿದು ಒಬ್ಬಳೇ ಕೂರುವ ಜಾಗವಾಗಿತ್ತು. 1814ರ ಜುಲೈ 28ರಂದು, 16ರ ವಯಸ್ಸಿನಲ್ಲಿ, ಆಕೆ ಕವಿ ಪರ್ಸಿ ಬಿಶ್ ಶೆಲ್ಲಿಯೊಂದಿಗೆ ಮನೆ ಬಿಟ್ಟು ಹೋದಳು. ಶೆಲ್ಲಿಗೆ ಆಗಲೇ ಮದುವೆಯಾಗಿತ್ತು, ಒಂದು ಮಗುವಿತ್ತು, ಹೆಂಡತಿ ಮತ್ತೆ ಬಸುರಿಯಾಗಿದ್ದಳು. ಪ್ರಗತಿಪರನೆಂದು ಹೆಸರಾಗಿದ್ದ ತಂದೆಯೇ ಮಗಳ ಮುಖ ನೋಡಲು ಒಪ್ಪಲಿಲ್ಲ. ಲಂಡನ್ನಿಗೆ ಮರಳಿದ ಜೋಡಿ ಸಾಲಗಾರರ ಕಣ್ಣು ತಪ್ಪಿಸಿಕೊಂಡು ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಅಲೆಯಿತು. ಅಷ್ಟರಲ್ಲಿ ಮೇರಿಯೂ ಬಸುರಿಯಾಗಿದ್ದಳು.

ಹನ್ನೆರಡು ದಿನದ ಜೀವ

1815ರ ಫೆಬ್ರುವರಿ 22ರಂದು, ದಿನ ತುಂಬುವುದಕ್ಕೆ ಸುಮಾರು ಎರಡು ತಿಂಗಳು ಮುಂಚೆಯೇ, ಹೆಣ್ಣು ಕೂಸು ಹುಟ್ಟಿತು. ಅದು ಉಳಿಯುವ ಭರವಸೆ ಯಾರಿಗೂ ಇರಲಿಲ್ಲ. ಆದರೂ ಕೂಸು ಹಾಲು ಕುಡಿಯಿತು, ದಿನದಿಂದ ದಿನಕ್ಕೆ ಚೇತರಿಸಿಕೊಂಡಂತೆ ಕಂಡಿತು. ಮಾರ್ಚ್ ಮೊದಲ ವಾರ ಕುಟುಂಬ ಮತ್ತೊಮ್ಮೆ ಮನೆ ಬದಲಿಸಿತು. ಮಾರ್ಚ್ 6ರ ಬೆಳಿಗ್ಗೆ ಕೂಸು ಸತ್ತಿತ್ತು.

ಅಂದೇ ಮೇರಿ ಗೆಳೆಯ ಥಾಮಸ್ ಹಾಗ್‌ಗೆ ಪತ್ರ ಬರೆದಳು. ತಾನು ಮಲಗುವಾಗ ಕೂಸು ಚೆನ್ನಾಗಿಯೇ ಇತ್ತು, ರಾತ್ರಿ ಹಾಲೂಡಿಸಲು ಎದ್ದಾಗ ಅದು ನೆಮ್ಮದಿಯಾಗಿ ನಿದ್ರಿಸುತ್ತಿರುವಂತೆ ಕಂಡಿತು, ಹಾಗಾಗಿ ಎಬ್ಬಿಸಲಿಲ್ಲ, ಆದರೆ ಅದು ಆಗಲೇ ಸತ್ತಿತ್ತು ಎಂಬುದು ಪತ್ರದ ಸಾರಾಂಶ. ಕಟ್ಟಿಕೊಂಡ ಎದೆಹಾಲಿನಿಂದ ಜ್ವರ ಬಂದೀತೆಂದು ಶೆಲ್ಲಿ ಹೆದರಿದ್ದಾನೆ ಎಂಬ ಮಾತೂ ಅದರಲ್ಲಿದೆ. ಗಮನಿಸಬೇಕಾದ ಅಂಶವಿದು. ಮಗು ಸತ್ತ ಸುದ್ದಿ ತಾಯಿಯ ಮನಸ್ಸಿಗೆ ತಲುಪಿದರೂ ದೇಹಕ್ಕೆ ಬೇಗ ತಲುಪುವುದಿಲ್ಲ. ಎದೆಯಲ್ಲಿ ಹಾಲು ಬರುತ್ತಲೇ ಇರುತ್ತದೆ, ಹಾಲೂಡಿಸುವ ಹೊತ್ತಿಗೆ ಎಚ್ಚರವಾಗುತ್ತಲೇ ಇರುತ್ತದೆ.

ಮುಂದಿನ ಎರಡು ವಾರಗಳ ದಿನಚರಿಯಲ್ಲಿ ಮೇರಿ ಹೆಚ್ಚೇನೂ ಹೇಳುವುದಿಲ್ಲ. ಯಾವ ಪುಸ್ತಕ ಓದಿದೆ, ಯಾರು ಬಂದರು ಎಂಬ ಚುಟುಕು ಟಿಪ್ಪಣಿಗಳ ನಡುವೆ ಕೂಸಿನ ನೆನಪು ಇಣುಕುತ್ತದೆ. ಓದಿನಲ್ಲಿ ಮುಳುಗದೆ ಸುಮ್ಮನೆ ಕುಳಿತರೆ ಯೋಚನೆ ಅಲ್ಲಿಗೇ ಬಂದು ನಿಲ್ಲುತ್ತದೆ, ಇದು ಮೂರ್ಖತನವಿರಬೇಕು ಎಂದು ಮಾರ್ಚ್ 13ರಂದು ತನ್ನನ್ನು ತಾನೇ ಗದರಿಸಿಕೊಂಡಿದ್ದಾಳೆ. ಮಾರ್ಚ್ 19ರಂದು ಕನಸನ್ನು ಬರೆದಿದ್ದಾಳೆ: ಕೂಸಿಗೆ ಜೀವ ಬಂದಿತ್ತು, ಅದು ಸತ್ತಿರಲೇ ಇಲ್ಲ, ತಣ್ಣಗಾಗಿತ್ತು ಅಷ್ಟೆ, ಅಗ್ಗಿಷ್ಟಿಕೆಯ ಮುಂದೆ ಹಿಡಿದು ತಿಕ್ಕಿದ ಕೂಡಲೇ ಬದುಕಿಕೊಂಡಿತು. ಎಚ್ಚರವಾದಾಗ ಕೂಸಿರಲಿಲ್ಲ. ದಿನವಿಡೀ ಅದರದೇ ಯೋಚನೆ. ಮರುದಿನ ಮತ್ತೆ ಕೂಸಿನ ಕನಸು.

ಬದುಕಿಸುವ ವಿದ್ಯೆ

ಕನಸಿನಲ್ಲಿ ಬಂದ ಈ ಶಾಖ ಮತ್ತು ತಿಕ್ಕುವಿಕೆ ಬರಿಯ ಕಲ್ಪನೆಯಲ್ಲ ಎಂಬುದು ಇಲ್ಲಿ ಮುಖ್ಯ. ನೀರಿಗೆ ಬಿದ್ದು ಉಸಿರು ನಿಂತವರನ್ನು ಬದುಕಿಸುವ ಉದ್ದೇಶದಿಂದ ವಿಲಿಯಂ ಹಾಸ್ ಮತ್ತು ಥಾಮಸ್ ಕೋಗನ್ ಎಂಬ ವೈದ್ಯರು 1774ರಲ್ಲಿ ಲಂಡನ್ನಿನಲ್ಲಿ ಒಂದು ಸಂಸ್ಥೆ ಕಟ್ಟಿದ್ದರು. ಮುಂದೆ ಅದು ರಾಯಲ್ ಹ್ಯೂಮೇನ್ ಸೊಸೈಟಿ ಎಂದು ಪ್ರಸಿದ್ಧವಾಯಿತು. ದೇಹಕ್ಕೆ ಶಾಖ ಕೊಡಬೇಕು, ಮೈ ತಿಕ್ಕಬೇಕು, ತಿದಿಯಿಂದ ಗಾಳಿ ಊದಬೇಕು ಎಂಬುದು ಅವರು ಹೇಳಿಕೊಟ್ಟ ಕ್ರಮ. ಸತ್ತಂತೆ ಕಂಡವರೆಲ್ಲ ಸತ್ತಿರುವುದಿಲ್ಲ ಎಂಬ ಮಾತು ಆ ಕಾಲದ ಜನರಲ್ಲಿ ಹೊಸ ಆಸೆ ಹುಟ್ಟಿಸಿತ್ತು. ಮೇರಿಯ ತಾಯಿಯೇ 1795ರ ಅಕ್ಟೋಬರ್‌ನಲ್ಲಿ ಪಟ್ನಿ ಸೇತುವೆಯಿಂದ ಥೇಮ್ಸ್ ನದಿಗೆ ಹಾರಿದ್ದಳು. ಪ್ರಜ್ಞೆ ತಪ್ಪಿದ್ದವಳನ್ನು ಮೇಲೆತ್ತಿ ಬದುಕಿಸಿದ್ದರು. ಹಾಗೆ ಬದುಕಿದ್ದರಿಂದಲೇ ಎರಡು ವರ್ಷದ ನಂತರ ಮೇರಿ ಹುಟ್ಟಿದ್ದು.

ಹೀಗೆ ನೋಡಿದರೆ ಕನಸು ಆ ಕಾಲದ ತಿಳಿವಳಿಕೆಯನ್ನೇ ಬಳಸಿಕೊಂಡಿದೆ. ತಾಯಿಯನ್ನು ಕಾಡುತ್ತಿದ್ದ ಪ್ರಶ್ನೆಯನ್ನೂ ಅದು ಮುಟ್ಟುತ್ತದೆ. ರಾತ್ರಿ ಎಬ್ಬಿಸಿದ್ದರೆ, ಎತ್ತಿ ಬೆಚ್ಚಗೆ ಹಿಡಿದಿದ್ದರೆ ಕೂಸು ಉಳಿಯುತ್ತಿತ್ತೇ? ಎಚ್ಚರದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಕನಸಿನಲ್ಲಿ ಮಾತ್ರ ತಪ್ಪಿದ ಕೆಲಸವನ್ನು ಕೈಗಳು ಮಾಡಿ ಮುಗಿಸುತ್ತವೆ.

ಅಳಲು ಬೇರೆ ಜಾಗವೂ ಕಡಿಮೆ ಇತ್ತು. ದೀಕ್ಷಾಸ್ನಾನವಾಗದೆ ಸತ್ತವರಿಗೆ ಅಂತ್ಯಸಂಸ್ಕಾರದ ಪ್ರಾರ್ಥನೆಯನ್ನು ಓದಬಾರದು ಎಂದು ಇಂಗ್ಲೆಂಡಿನ ಚರ್ಚಿನ 1662ರ ಪ್ರಾರ್ಥನಾ ಗ್ರಂಥ ವಿಧಿಸಿತ್ತು. ಈ ಕಟ್ಟುಪಾಡು ಒಂದೇ ಧರ್ಮಕ್ಕೆ ಸೇರಿದ್ದಲ್ಲ. ಎರಡು ವರ್ಷ ತುಂಬದ ಮಗುವನ್ನು ಸುಡದೆ ಊರಾಚೆ ಹೂಳಬೇಕು, ಅದಕ್ಕೆ ತರ್ಪಣವಿಲ್ಲ ಎಂದು ಮನುಸ್ಮೃತಿಯೂ ಹೇಳುತ್ತದೆ. ದೊಡ್ಡವರು ಸತ್ತರೆ ಸೂತಕವಿದೆ, ತಿಥಿಯಿದೆ, ಬಂದು ಕೂರುವ ನೆಂಟರಿದ್ದಾರೆ. ಹೆಸರೇ ಇಡದ ಕೂಸಿಗೆ ಅವೆಲ್ಲ ಇಲ್ಲ ಅಥವಾ ಅಲ್ಪಸ್ವಲ್ಪ. ಮೇರಿಯ ಮೊದಲ ಮಗುವಿನ ಹೆಸರು ಆಕೆಯ ದಿನಚರಿಯಲ್ಲಿ ಎಲ್ಲೂ ಇಲ್ಲ.

ಬೇಸಿಗೆ ಬಾರದ ವರ್ಷ

1816ರ ಜನವರಿ 24ರಂದು ಮೇರಿಗೆ ಗಂಡುಮಗು ಹುಟ್ಟಿತು. ವಿಲಿಯಂ ಎಂದು ಹೆಸರಿಟ್ಟರು. ಆ ಬೇಸಿಗೆಯಲ್ಲಿ ಶೆಲ್ಲಿ ಕುಟುಂಬ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಂಡೆಗೆ ಹೋಯಿತು. ಕವಿ ಬೈರನ್ ಪಕ್ಕದಲ್ಲೇ ವಿಲ್ಲಾ ಡಿಯೊಡಾಟಿ ಎಂಬ ಮನೆಯಲ್ಲಿದ್ದ. ಇಂಡೊನೇಷ್ಯಾದ ಟಂಬೋರಾ ಜ್ವಾಲಾಮುಖಿ 1815ರ ಏಪ್ರಿಲ್‌ನಲ್ಲಿ ಸಿಡಿದು ಚಿಮ್ಮಿಸಿದ ಧೂಳು ಮತ್ತು ಅನಿಲ ಆಕಾಶಕ್ಕೇರಿ, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಎಡೆಬಿಡದ ಮಳೆಯಿಂದ ಒಳಗೇ ಕೂರಬೇಕಾದವರು ತಲೆಗೊಂದು ದೆವ್ವದ ಕಥೆ ಬರೆಯೋಣವೆಂದು ತೀರ್ಮಾನಿಸಿದರು.

ಮೇರಿಗೆ ಹಲವು ದಿನ ಕಥೆ ಹೊಳೆಯಲಿಲ್ಲ. ಒಂದು ರಾತ್ರಿ ಬೈರನ್ ಮತ್ತು ಶೆಲ್ಲಿ ಜೀವದ ಮೂಲದ ಬಗ್ಗೆ, ಹೆಣಕ್ಕೆ ಚೇತನ ಬರಿಸುವ ಸಾಧ್ಯತೆಯ ಬಗ್ಗೆ ಮಾತಾಡುವುದನ್ನು ಕೇಳಿ ಮಲಗಿದಳು. ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಆ ಸ್ಥಿತಿಯಲ್ಲಿ ಕಂಡದ್ದನ್ನು 1831ರ ಆವೃತ್ತಿಯ ಮುನ್ನುಡಿಯಲ್ಲಿ ವಿವರಿಸಿದ್ದಾಳೆ. ತಾನೇ ಜೋಡಿಸಿದ ದೇಹದ ಪಕ್ಕ ಬಿಳಿಚಿಕೊಂಡ ವಿದ್ಯಾರ್ಥಿಯೊಬ್ಬ ಮಂಡಿಯೂರಿದ್ದಾನೆ. ದೇಹ ಅಲುಗುತ್ತದೆ. ಬೆದರಿದ ಆತ ಅದನ್ನು ಬಿಟ್ಟು ಓಡುತ್ತಾನೆ.

ಕಾದಂಬರಿ 1818ರ ಜನವರಿ 1ರಂದು ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಅಚ್ಚು ಹಾಕಿದ್ದು 500 ಪ್ರತಿ. ಅದರೊಳಗೂ ಒಂದು ಕನಸಿದೆ. ಜೀವಿಯನ್ನು ಸೃಷ್ಟಿಸಿದ ರಾತ್ರಿಯೇ ವಿಕ್ಟರ್ ಫ್ರಾಂಕೆನ್‌ಸ್ಟೈನ್‌ಗೆ ಪ್ರೇಯಸಿ ಎಲಿಜಬೆತ್ ಕನಸಿನಲ್ಲಿ ಬರುತ್ತಾಳೆ. ಆತ ಮುತ್ತಿಕ್ಕುತ್ತಿದ್ದಂತೆ ಆಕೆ ಅವನ ಸತ್ತ ತಾಯಿಯ ಶವವಾಗುತ್ತಾಳೆ. ಕಣ್ಣು ಬಿಟ್ಟರೆ ಎದುರಿಗೆ ಹೊಸದಾಗಿ ಹುಟ್ಟಿದ ಜೀವಿ ನಿಂತಿದೆ. ಹುಟ್ಟು ಮತ್ತು ಸಾವು ಒಂದೇ ಹಾಸಿಗೆಯ ಬಳಿ ಸೇರುವ ಈ ದೃಶ್ಯ ಬಾಣಂತಿ ಕೋಣೆಯಲ್ಲಿ ತಾಯಿಯನ್ನು ಕಳೆದುಕೊಂಡ ಮಗಳ ಕೈಯಿಂದ ಬಂದದ್ದು.

ಬಹುಕಾಲ ಈ ಕೃತಿಯನ್ನು ವಿಜ್ಞಾನಿಯ ಅಹಂಕಾರದ ಕಥೆಯೆಂದೇ ಓದಲಾಗುತ್ತಿತ್ತು. ಅಮೆರಿಕದ ವಿಮರ್ಶಕಿ ಎಲೆನ್ ಮೋಯರ್ಸ್ 1974ರಲ್ಲಿ ಬರೆದ ಪ್ರಬಂಧ ಈ ಓದಿನ ದಿಕ್ಕನ್ನು ಬದಲಿಸಿತು. ಇದು ಹೆರಿಗೆಯ ಕಥೆ, ಹೆತ್ತ ಮೇಲಿನ ಭಯ ಮತ್ತು ಅಪರಾಧಿಪ್ರಜ್ಞೆಯ ಕಥೆ ಎಂದು ಆಕೆ ವಾದಿಸಿದರು. 1815ರ ದಿನಚರಿಯ ಕನಸನ್ನು ಕಾದಂಬರಿಯ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಬಲವಾದದ್ದು ಆ ನಂತರ.

ಆದರೆ ಎಚ್ಚರಿಕೆಯೂ ಬೇಕು. ಮೇರಿ ತನ್ನ ಮುನ್ನುಡಿಯಲ್ಲಿ ಸತ್ತ ಕೂಸಿನ ಪ್ರಸ್ತಾಪವನ್ನೇ ಮಾಡಿಲ್ಲ. ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಮಿಡಿಯುವುದನ್ನು ಗ್ಯಾಲ್ವನಿ ತೋರಿಸಿದ್ದ. ಅವನ ಸೋದರಳಿಯ ಆಲ್ಡೀನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದವನ ದೇಹದ ಮೇಲೆ ಅದೇ ಪ್ರಯೋಗ ನಡೆಸಿದ್ದ. ಇಂಥ ಸುದ್ದಿಗಳು ಆಗ ಎಲ್ಲರ ಬಾಯಲ್ಲೂ ಇದ್ದವು. ಒಂದು ಕನಸಿನಿಂದಲೇ ಇಡೀ ಕಾದಂಬರಿ ಹುಟ್ಟಿತೆಂದರೆ ಅದು 18 ವರ್ಷದ ಲೇಖಕಿಯ ಓದಿಗೆ, ಬುದ್ಧಿಗೆ ಮಾಡುವ ಅನ್ಯಾಯ. ಕನಸಿನಲ್ಲಿ ಸತ್ತದ್ದು ಬದುಕಿದರೆ ಸಂತೋಷವಿತ್ತು. ಕಾದಂಬರಿಯಲ್ಲಿ ಸತ್ತದ್ದು ಬದುಕಿದರೆ ಏನೇನಾಗುತ್ತದೆ ಎಂಬ ವಿಚಾರಣೆಯಿದೆ. ಕನಸಿನ ಆಸೆಯನ್ನು ಲೇಖಕಿ ಎಚ್ಚರದಲ್ಲಿ ಕೂತು ಪರೀಕ್ಷಿಸಿದಳು ಎನ್ನುವುದು ಹೆಚ್ಚು ಸರಿ.

ಸಮುದ್ರ ನುಗ್ಗಿದ ಮನೆ

ಮಕ್ಕಳ ಸಾವು ಅಲ್ಲಿಗೆ ಮುಗಿಯಲಿಲ್ಲ. 1817ರಲ್ಲಿ ಹುಟ್ಟಿದ ಮಗಳು ಕ್ಲಾರಾ 1818ರ ಸೆಪ್ಟೆಂಬರ್‌ನಲ್ಲಿ ವೆನಿಸ್‌ನಲ್ಲಿ ಸತ್ತಳು. ಮೂರು ವರ್ಷದ ವಿಲಿಯಂ 1819ರ ಜೂನ್ 7ರಂದು ರೋಮ್‌ನಲ್ಲಿ ಮಲೇರಿಯಾಕ್ಕೆ ಬಲಿಯಾದ. ಅದೇ ವರ್ಷ ನವೆಂಬರ್‌ನಲ್ಲಿ ಹುಟ್ಟಿದ ಪರ್ಸಿ ಫ್ಲಾರೆನ್ಸ್ ಒಬ್ಬನೇ ಉಳಿದುಕೊಂಡ ಮಗ.

1822ರ ಬೇಸಿಗೆಯಲ್ಲಿ ಕುಟುಂಬ ಇಟಲಿಯ ಲೆರಿಚಿ ಬಳಿಯ ಸಮುದ್ರ ದಂಡೆಯಲ್ಲಿ, ಕಾಸಾ ಮಾನ್ಯಿ ಎಂಬ ಮನೆಯಲ್ಲಿತ್ತು. ಮೇರಿ ಮತ್ತೆ ಬಸುರಿಯಾಗಿದ್ದಳು. ಜೂನ್ 16ರಂದು ಗರ್ಭಪಾತವಾಗಿ ಏಳು ಗಂಟೆಗಳ ಕಾಲ ರಕ್ತ ಹರಿಯಿತು. ವೈದ್ಯನಿಗೆ ಕಾಯುವಷ್ಟು ಸಮಯವಿರಲಿಲ್ಲ. ಮಂಜುಗಡ್ಡೆ ಬಂದಾಗ ಅದನ್ನು ಬಳಸಲು ಉಳಿದವರು ಹೆದರಿದರು. ಶೆಲ್ಲಿ ಯಾರ ಮಾತೂ ಕೇಳದೆ ಆಕೆಯನ್ನು ಎತ್ತಿ ಮಂಜುಗಡ್ಡೆಯಲ್ಲಿ ಕೂರಿಸಿದ. ರಕ್ತ ನಿಂತಿತು, ಜೀವ ಉಳಿಯಿತು. ಆ ಆಗಸ್ಟ್‌ನಲ್ಲಿ ಗೆಳತಿ ಮರಿಯಾ ಗಿಸ್ಬೋರ್ನ್‌ಗೆ ಬರೆದ ದೀರ್ಘ ಪತ್ರದಲ್ಲಿ ಮೇರಿ ಇದನ್ನೆಲ್ಲ ವಿವರಿಸಿದ್ದಾಳೆ.

ಅದೇ ಪತ್ರದಲ್ಲಿ ಗಂಡನ ಕನಸೂ ದಾಖಲಾಗಿದೆ. ಗರ್ಭಪಾತವಾದ ಮುಂದಿನ ಶನಿವಾರ ರಾತ್ರಿ ಶೆಲ್ಲಿ ಕಿರುಚುತ್ತಾ, ನಿದ್ದೆಗಣ್ಣಿನಲ್ಲೇ, ಹೆಂಡತಿಯ ಕೋಣೆಗೆ ನುಗ್ಗಿದ. ಜೊತೆಯಲ್ಲಿ ವಾಸವಾಗಿದ್ದ ಎಡ್ವರ್ಡ್ ವಿಲಿಯಮ್ಸ್ ದಂಪತಿ ಮೈಯೆಲ್ಲ ಹರಿದು, ರಕ್ತ ಬಳಿದುಕೊಂಡು ಬಂದು, ಸಮುದ್ರ ಮನೆಯೊಳಗೆ ನುಗ್ಗುತ್ತಿದೆ, ಏಳು ಎಂದು ಎಚ್ಚರಿಸಿದಂತೆ ಕಂಡಿತ್ತು. ಮರುಕ್ಷಣ ದೃಶ್ಯ ಬದಲಾಗಿ, ತಾನೇ ಮೇರಿಯ ಕುತ್ತಿಗೆ ಹಿಸುಕುತ್ತಿರುವಂತೆ ಕಂಡಿತ್ತು.

ಎರಡು ವಾರದ ನಂತರ, ಜುಲೈ 8ರಂದು, ಶೆಲ್ಲಿ ಮತ್ತು ವಿಲಿಯಮ್ಸ್ ದೋಣಿ ಮುಳುಗಿ ಸತ್ತರು. ಆಗ ಮೇರಿಗೆ 24 ವರ್ಷ. ಸಹಜವಾಗಿಯೇ ಆ ಕನಸು ಸಾವಿನ ಮುನ್ಸೂಚನೆಯಾಗಿ ಪ್ರಸಿದ್ಧವಾಯಿತು. ಆದರೆ ತಾರೀಖುಗಳನ್ನು ನೋಡಿದರೆ ಬೇರೊಂದು ಅರ್ಥ ಕಾಣುತ್ತದೆ. ಆರು ದಿನದ ಹಿಂದೆಯಷ್ಟೇ ಅದೇ ಮನೆಯಲ್ಲಿ ಹೆಂಡತಿಯ ರಕ್ತ ನಿಲ್ಲದೆ ಹರಿದಿತ್ತು. ಎಂಟು ವರ್ಷದಲ್ಲಿ ಐದು ಬಸಿರು, ಉಳಿದದ್ದು ಒಂದು ಮಗು. ಮಂಜುಗಡ್ಡೆಯಲ್ಲಿ ಕೂರಿಸಿ ಉಳಿಸಿದ ಕೈಗಳೇ ಕನಸಿನಲ್ಲಿ ಕುತ್ತಿಗೆ ಹಿಸುಕುವ ಕೈಗಳಾದದ್ದಕ್ಕೆ ಮುಂದಿನ ಸಾವಿನಲ್ಲಿ ಕಾರಣ ಹುಡುಕಬೇಕಿಲ್ಲ, ಹಿಂದಿನ ವಾರದಲ್ಲಿ ಹುಡುಕಿದರೆ ಸಾಕು. ಗರ್ಭ ಕಳೆದುಕೊಂಡ ಮನೆಯಲ್ಲಿ ಗಂಡಸಿಗೂ ಭಯ ಮತ್ತು ಅಪರಾಧಿಪ್ರಜ್ಞೆ ಇರುತ್ತದೆ ಎಂಬುದಕ್ಕೆ ಇದು ದಾಖಲೆಯಾಗಬಲ್ಲದು.

ವಿಜ್ಞಾನ ಹೇಳುವುದೇನು?

ಕನಸು ಹಿಂದಕ್ಕೆ ನೋಡುತ್ತದೆ ಎಂಬ ವಿಚಾರಕ್ಕೆ ದೊಡ್ಡ ಚೌಕಟ್ಟು ಕೊಟ್ಟವನು ಸಿಗ್ಮಂಡ್ ಫ್ರಾಯ್ಡ್. ಕನಸುಗಳ ಅರ್ಥವನ್ನು ಕುರಿತ 1900ರ ಗ್ರಂಥದಲ್ಲಿ ಅವನು ಒಬ್ಬ ತಂದೆಯ ಕಥೆ ಹೇಳುತ್ತಾನೆ. ಸತ್ತ ಮಗುವಿನ ದೇಹವನ್ನು ಪಕ್ಕದ ಕೋಣೆಯಲ್ಲಿರಿಸಿ ಮಲಗಿದ ತಂದೆಗೆ, ಮಗು ಬಂದು ತೋಳು ಹಿಡಿದು ತಾನು ಸುಡುತ್ತಿರುವುದಾಗಿ ಹೇಳಿದಂತೆ ಕನಸು. ಎದ್ದು ನೋಡಿದರೆ ಮೇಣದ ಬತ್ತಿ ಬಿದ್ದು ಶವದ ತೋಳು ಸುಡುತ್ತಿತ್ತು. ಬೆಳಕು ಕಂಡೊಡನೆ ತಂದೆ ಏಕೆ ಏಳಲಿಲ್ಲ, ಕನಸೇಕೆ ಬೇಕಾಯಿತು? ಕನಸಿನಲ್ಲಿ ಮಗು ಇನ್ನೊಂದು ಕ್ಷಣ ಬದುಕಿರುತ್ತದೆ ಎಂಬುದು ಫ್ರಾಯ್ಡ್‌ನ ಉತ್ತರ. ಮೇರಿಯ ಕನಸಿಗೂ ಈ ಮಾತು ಹೊಂದುತ್ತದೆ.

ಫ್ರಾಯ್ಡ್‌ನ ಹಲವು ವಿವರಣೆಗಳನ್ನು ಈಗಿನ ವಿಜ್ಞಾನಿಗಳು ಒಪ್ಪುವುದಿಲ್ಲ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಕಣ್ಣುಗುಡ್ಡೆ ವೇಗವಾಗಿ ಚಲಿಸುವ ನಿದ್ರಾವಸ್ಥೆಯನ್ನು ಗುರುತಿಸಿ, ಅದಕ್ಕೂ ಕನಸಿಗೂ ಇರುವ ನಂಟು ತೋರಿಸಿದರು. ಬಸುರಿಯರಿಗೆ, ಬಾಣಂತಿಯರಿಗೆ ಕನಸು ಹೆಚ್ಚು ನೆನಪಿರುವುದಕ್ಕೆ ಒಂದು ಸರಳ ಕಾರಣವಿದೆ. ಅವರ ನಿದ್ದೆ ಪದೇ ಪದೇ ಒಡೆಯುತ್ತದೆ. ಕನಸಿನ ನಡುವೆ ಎಚ್ಚರವಾದರೆ ಕನಸು ಮರೆಯುವುದಿಲ್ಲ. ಮಗು ಅಪಾಯದಲ್ಲಿದೆ, ಹಾಸಿಗೆಯಲ್ಲಿ ಎಲ್ಲೋ ಕಳೆದುಹೋಗಿದೆ ಎಂದು ನಿದ್ದೆಗಣ್ಣಿನಲ್ಲಿ ತಡಕಾಡುವುದು ಆರೋಗ್ಯವಂತ ಮಗುವಿನ ತಾಯಂದಿರಲ್ಲೂ ಸಾಮಾನ್ಯವೆಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಟೋರ್ ನೀಲ್ಸನ್ ಮತ್ತಿತರರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಮಗು ಇಲ್ಲವಾದ ಮೇಲೂ ದೇಹ ಮತ್ತು ಮನಸ್ಸು ಆ ಹುಡುಕಾಟವನ್ನು ಒಮ್ಮೆಗೇ ಬಿಡುವುದಿಲ್ಲ.

ಇಂಥ ಕನಸು ಹುಚ್ಚಿನ ಲಕ್ಷಣವೂ ಅಲ್ಲ. ವಿಚ್ಛೇದನದಿಂದ ಖಿನ್ನರಾದವರ ಕನಸುಗಳನ್ನು ಅಧ್ಯಯನ ಮಾಡಿದ ಅಮೆರಿಕದ ರೋಸಲಿಂಡ್ ಕಾರ್ಟ್‌ರೈಟ್, ದೂರವಾದ ಸಂಗಾತಿಯನ್ನೇ ಕುರಿತು ಕನಸು ಕಂಡವರು ಹೆಚ್ಚು ಚೇತರಿಸಿಕೊಂಡದ್ದನ್ನು ಗುರುತಿಸಿದ್ದರು. ನೋವನ್ನು ಮನಸ್ಸು ಅರಗಿಸಿಕೊಳ್ಳುವ ದಾರಿಗಳಲ್ಲಿ ಕನಸೂ ಒಂದು ಎಂಬ ಅಭಿಪ್ರಾಯಕ್ಕೆ ಇಂಥ ಅಧ್ಯಯನಗಳು ಆಧಾರ.

ಬಾಯಿಬಿಟ್ಟು ಹೇಳಲಾಗದ ದುಃಖ

ಇಪ್ಪತ್ತನೇ ಶತಮಾನದಲ್ಲೂ ಸತ್ತು ಹುಟ್ಟಿದ ಮಗುವನ್ನು ತಾಯಿಗೆ ತೋರಿಸದೆ ಒಯ್ಯುವುದೇ ಪಶ್ಚಿಮದ ಎಷ್ಟೋ ಆಸ್ಪತ್ರೆಗಳಲ್ಲಿ ರೂಢಿಯಾಗಿತ್ತು. ನೋಡದಿದ್ದರೆ ಬೇಗ ಮರೆಯುತ್ತಾಳೆ ಎಂಬ ಲೆಕ್ಕ. ಲಂಡನ್ನಿನ ಮನೋವೈದ್ಯ ಇಮ್ಯಾನ್ಯುಯೆಲ್ ಲೂಯಿಸ್ 1976ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಲೆಕ್ಕವನ್ನು ಪ್ರಶ್ನಿಸಿದರು. ನೋಡದ, ಮುಟ್ಟದ, ಹೆಸರಿಡದ ಮಗುವಿಗಾಗಿ ಅಳುವುದು ಹೇಗೆ ಎಂಬುದು ಅವರ ವಾದದ ತಿರುಳು. ಬಯಸುವ ತಂದೆತಾಯಿಗೆ ಮಗುವನ್ನು ಎತ್ತಿಕೊಳ್ಳಲು, ಹೆಸರಿಡಲು, ಬೀಳ್ಕೊಡಲು ಅವಕಾಶ ಕೊಡುವ ಪದ್ಧತಿ ಕ್ರಮೇಣ ಹಲವು ದೇಶಗಳಲ್ಲಿ ಬಂತು.

ಈ ನೋವು ಅಪರೂಪದ್ದೇನಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಗರ್ಭಪಾತಗಳಾಗುತ್ತವೆ ಎಂದು ‘ಲ್ಯಾನ್ಸೆಟ್’ 2021ರಲ್ಲಿ ಅಂದಾಜು ಮಾಡಿತು. 28 ವಾರ ತುಂಬಿದ ಮೇಲೆ ಸತ್ತು ಹುಟ್ಟಿದ ಶಿಶುಗಳು ಅದೇ ವರ್ಷ ಸುಮಾರು 19 ಲಕ್ಷ ಎಂಬುದು ವಿಶ್ವಸಂಸ್ಥೆಯ ಲೆಕ್ಕ. ಭಾರತದಲ್ಲಿ 1961ರ ಹೆರಿಗೆ ಸೌಲಭ್ಯ ಕಾಯಿದೆ, ಗರ್ಭಪಾತವಾದ ಉದ್ಯೋಗಸ್ಥ ಮಹಿಳೆಗೆ ಆರು ವಾರಗಳ ಸಂಬಳ ಸಹಿತ ರಜೆಯನ್ನು ಹಕ್ಕಾಗಿ ಕೊಟ್ಟಿತು. ದೇಹದ ದಣಿವಿಗೆ ಕಾನೂನು ಹೀಗೆ ದಿನ ಗೊತ್ತುಮಾಡಬಲ್ಲದು. ಮನಸ್ಸಿನ ದಣಿವಿಗೆ ಗಡುವಿಲ್ಲ. ‘ಇನ್ನೊಂದಾಗುತ್ತದೆ ಬಿಡು’ ಎಂಬ ಸಮಾಧಾನದ ಮಾತು ಹೇಳುವವರಿಗೆ ಹಗುರ, ಕೇಳುವವಳಿಗೆ ಭಾರ.

ಮೇರಿ ಶೆಲ್ಲಿ 1851ರ ಫೆಬ್ರುವರಿ 1ರಂದು ಲಂಡನ್ನಿನಲ್ಲಿ ತೀರಿಕೊಂಡಳು. ಆಕೆಯ ಬರವಣಿಗೆ ಪೆಟ್ಟಿಗೆಯನ್ನು ಮಗ ಮತ್ತು ಸೊಸೆ ತೆರೆದದ್ದು ಒಂದು ವರ್ಷದ ನಂತರ. ಗಂಡನ ಕವಿತೆಯ ಪ್ರತಿಯೊಂದರ ಜೊತೆ, ಸತ್ತ ಮಕ್ಕಳ ಕೂದಲ ಎಳೆಗಳೂ ಅದರಲ್ಲಿದ್ದವು. 30 ವರ್ಷಕ್ಕೂ ಹೆಚ್ಚು ಕಾಲ ಆಕೆ ಅವನ್ನು ಜೋಪಾನ ಮಾಡಿದ್ದಳು. ಹೆಸರಿಲ್ಲದ ಮೊದಲ ಕೂಸಿನ ಪಾಲಿಗೆ ಒಂದು ಪತ್ರ ಮತ್ತು ದಿನಚರಿಯ ಕೆಲವು ಸಾಲುಗಳಿವೆ. ಅದು 12 ದಿನ ಬದುಕಿತ್ತು ಎಂದು ಇಂದು ಲೋಕಕ್ಕೆ ಗೊತ್ತಿರುವುದು, ಮೂರ್ಖತನವೆಂದು ತನಗೇ ಅನ್ನಿಸಿದರೂ ತಾಯಿ ಅದನ್ನು ಬರೆದಿಟ್ಟದ್ದರಿಂದ. ಬರೆಯಲು ಬಾರದ, ಹೇಳಿಕೊಳ್ಳಲು ಯಾರೂ ಇಲ್ಲದ ತಾಯಂದಿರ ಕನಸುಗಳು ಅವರೊಂದಿಗೇ ಹೋಗಿವೆ. ಅಂಥ ಕನಸನ್ನು ಯಾರಾದರೂ ಹೇಳಿಕೊಳ್ಳಲು ಬಂದಾಗ ಶಕುನ ನೋಡದೆ, ಬುದ್ಧಿ ಹೇಳದೆ, ಕೂತು ಕೇಳುವುದಷ್ಟೇ ಉಳಿದವರು ಮಾಡಬಹುದಾದ ಕೆಲಸ.